ಮುಗಿದುಹೋದ ಕೆಂಪು ರಿಬ್ಬನ್

"ಯುದ್ಧಾನೇ ದೊಡ್ಡದು!" ಎಂದು ಕ್ಯಾಪ್ಟನ್ ಪಿಸುಗುಟ್ಟಿದ.

"ಬಿಸಿಲು!" ಎಂದು ಕಡ್ಡಿಯೂ ಪಿಸುಗುಟ್ಟಿದಳು. "ಭೂಮಿನೇ ಕಾದ ಹೆಂಚಾದ್ರೆ ನಿನ್ನ ಯುದ್ಧ ಮಾಡೋಕೆ ಯಾರಿರ್ತಾರೆ?"

"ಯುದ್ಧ ಆದ್ರೆ ನಿನ್ನ ಬಿಸಿಲಲ್ಲಿ ಒಣಗೋಕೆ ಯಾರಿರ್ತಾರೆ?"

ಪಿಸುಮಾತಿನಲ್ಲಿ ಜಗಳವಾಡುವುದು ಎಷ್ಟು ಕಷ್ಟ ಎಂದು ಆಡಿದವರಿಗೇ ಗೊತ್ತು. ಕೋಪವೆಲ್ಲ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಕಿರುಚಬೇಕಾದ ಕಡೆ ಕಣ್ಣು ಬಿಡಬೇಕು. ಟೇಬಲ್ ಗುದ್ದಬೇಕಾದ ಕಡೆ ದಿಂಬು ಗುದ್ದಬೇಕು. ಕಡ್ಡಿ ಆಗಲೇ ದಿಂಬನ್ನು ಎರಡು ಸಲ ಗುದ್ದಿದ್ದಳು.

ಬೇರೆ ದಾರಿ ಇರಲಿಲ್ಲ. ಒಳಗಿನ ಕೋಣೆಯಲ್ಲಿ ಅವಳ ಅಮ್ಮ ಮಲಗಿದ್ದರು. ಅವರು ದೊಡ್ಡಾಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್. ನೈಟ್ ಡ್ಯೂಟಿ ಇದ್ದ ವಾರ ಅವರಿಗೆ ಹಗಲೇ ರಾತ್ರಿ. ಬಾಗಿಲು ಹಾಕಿಕೊಳ್ಳುವ ಮುಂಚೆ, "ಮನೆಗೆ ಬೆಂಕಿ ಬಿದ್ರೆ ಎಬ್ಬಿಸು. ಬೇರೆ ಯಾವುದಕ್ಕೂ ಎಬ್ಬಿಸ್ಬೇಡ" ಎಂದು ಹೇಳಿದ್ದರು.

ಕಡ್ಡಿ ಎಂಬ ಹೆಸರು ಅವಳಿಗೆ ಅಂಟಿಕೊಂಡು ಎಷ್ಟೋ ಕಾಲವಾಗಿತ್ತು. ತೆಳ್ಳಗಿದ್ದಳು, ಮಾತೂ ಕಡ್ಡಿ ಮುರಿದ ಹಾಗೆ. ಕ್ಯಾಪ್ಟನ್ ಕ್ಲಾಸಿನ ಫುಟ್‌ಬಾಲ್ ಟೀಮಿನ ನಾಯಕ. ಟೀಮು ಸೋಲುತ್ತಲೇ ಇದ್ದರೂ ಹೆಸರು ಮಾತ್ರ ಹೋಗಿರಲಿಲ್ಲ.

ಮೂರನೆಯವಳು ರೇಡಿಯೋ. ಬೆಳಿಗ್ಗೆ ಸ್ಕೂಲ್ ಗೇಟಿನಲ್ಲಿ ಆನ್ ಆದರೆ ಅವಳನ್ನು ಆಫ್ ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ. ಅವಳ ಮನೆಯ ಬೆಕ್ಕು ಏನು ತಿಂತು, ಎಲ್ಲಿ ಬಿತ್ತು, ಯಾರನ್ನು ನೋಡಿ ಗುರ್ ಎಂದಿತು, ಎಲ್ಲವೂ ಇಡೀ ಕ್ಲಾಸಿಗೆ ಬಾಯಿಪಾಠ. ಮಿಸ್ ಅವಳ ಜಾಗ ಬದಲಾಯಿಸಿ ನೋಡಿದರು. ಬೆಕ್ಕಿನ ಕತೆಗೆ ಹೊಸ ಕೇಳುಗರು ಸಿಕ್ಕಿದರು, ಅಷ್ಟೇ. ಆದರೆ ಸಂಜೆ ಆಟಕ್ಕೆ ಕರೆದರೆ ಮಾತ್ರ ಅವಳು ಬರುತ್ತಿರಲಿಲ್ಲ. ಕಿಟಕಿಯಿಂದಲೇ ಕೈ ಆಡಿಸಿ ಒಳಗೆ ಹೋಗಿಬಿಡುತ್ತಿದ್ದಳು. "ಜಂಬ ಅವಳಿಗೆ" ಎಂದು ಕಡ್ಡಿ ಎಷ್ಟೋ ಸಲ ಅಂದುಕೊಂಡಿದ್ದಳು.

ಈ ಮೂವರನ್ನು ಒಂದೇ ಗ್ರೂಪಿಗೆ ಹಾಕಿದ್ದು ಸೈನ್ಸ್ ಮಿಸ್. "ಇವತ್ತು ಮನುಷ್ಯರೆಲ್ಲರ ಮುಂದೆ ಇರೋ ಅತಿ ಅರ್ಜೆಂಟ್ ಸಮಸ್ಯೆ ಯಾವುದು? ಒಂದೇ ಒಂದು ಆರಿಸ್ಕೊಂಡು ಸೋಮವಾರ ಬಂದು ಮಾತಾಡಿ. ಎರಡು ಹೇಳಿದ್ರೆ ಕೂತ್ಕೊಳ್ಳಿ ಅಂತೀನಿ" ಎಂದಿದ್ದರು.

ಇವತ್ತು ಶನಿವಾರ. ಒಂದನ್ನು ಆರಿಸುವುದಿರಲಿ, ಕ್ಯಾಪ್ಟನ್ ಆಗಲೇ ಚೀಲ ಹೆಗಲಿಗೆ ಏರಿಸಿ ಕೂತಿದ್ದ. "ಇವತ್ತು ತೀರ್ಮಾನ ಆಗ್ಲಿಲ್ಲ ಅಂದ್ರೆ ನಾನು ಬೇರೆ ಗ್ರೂಪಿಗೆ ಹೋಗ್ತೀನಿ. ಆಮೇಲೆ ನನ್ನ ಜೊತೆ ಮಾತಾಡ್ಬೇಡಿ."

ಕಡ್ಡಿ ಅವನ ಚೀಲದ ಪಟ್ಟಿ ಹಿಡಿದುಕೊಂಡಳು. ಕ್ಯಾಪ್ಟನ್ ಒಂದನೇ ಕ್ಲಾಸಿನಿಂದ ಅವಳ ಗೆಳೆಯ. "ಇರೋ, ನನ್ನ ಹತ್ರ ಒಂದು ಐಡಿಯಾ ಇದೆ" ಎಂದು ಅವಳು ಬೀರುವಿನಿಂದ ತನ್ನ ಹಳೆಯ ಜಡೆ ರಿಬ್ಬನ್‌ಗಳನ್ನು ತಂದಳು. ಕೆಂಪು, ಹಳದಿ, ಹಸಿರು.

"ದೊಡ್ಡ ಆ್ಯಕ್ಸಿಡೆಂಟ್ ಆಗಿ ಒಟ್ಟಿಗೆ ತುಂಬಾ ಜನ ಬಂದ್ರೆ, ಅಮ್ಮ ಅವರ ಕೈಗೆ ಒಂದೊಂದು ಬಣ್ಣದ ಪಟ್ಟಿ ಕಟ್ತಾರೆ. ಕೆಂಪು ಅಂದ್ರೆ ಈಗಲೇ ನೋಡ್ಬೇಕು. ಹಳದಿ ಅಂದ್ರೆ ಸ್ವಲ್ಪ ಹೊತ್ತು ಕಾಯಬಹುದು. ಹಸಿರು ಅಂದ್ರೆ ಕೊನೆಗೆ ನೋಡಿದ್ರೂ ನಡಿಯುತ್ತೆ. ನಾವೂ ಸಮಸ್ಯೆಗಳಿಗೆ ಹಾಗೇ ಕಟ್ಟೋಣ."

ಕ್ಯಾಪ್ಟನ್ ಚೀಲ ಕೆಳಗಿಟ್ಟ.

ಹಾಲ್‌ನಲ್ಲಿ ಬಟ್ಟೆ ಒಣಗಿಸುವ ಹಗ್ಗವೊಂದಿತ್ತು. ರಟ್ಟಿನ ಚೂರುಗಳ ಮೇಲೆ ಒಂದೊಂದು ಸಮಸ್ಯೆ ಬರೆದು, ಕ್ಲಿಪ್ ಹಾಕಿ ಕಾಲುಚೀಲದ ಹಾಗೆ ನೇತುಹಾಕಿದರು. ಯುದ್ಧ. ಬಿಸಿಲು. ಹಸಿವು. ಹೊಸ ರೋಗ. ಕುಡಿಯುವ ನೀರು.

"ಯೋಚ್ನೆ ಮಾಡೋ ಮಷಿನ್‌ಗಳು ಅಂತಾನೂ ಬರಿ" ಎಂದಳು ರೇಡಿಯೋ. "ಮುಂದೆ ಎಲ್ಲಾ ಕೆಲಸಾನೂ ಅವೇ ಮಾಡ್ತವಂತೆ. ಚಿಕ್ಕಪ್ಪ ದಿನಾ ಅದನ್ನೇ ಹೇಳಿ ತಲೆ ಮೇಲೆ ಕೈ ಹೊತ್ಕೊಂಡು ಕೂರ್ತಾರೆ."

"ಹೋಂವರ್ಕೂ ಮಾಡ್ತವಾ?" ಕ್ಯಾಪ್ಟನ್ ಕೇಳಿದ.

"ಮಾಡ್ತವಂತೆ."

"ಹಾಗಾದ್ರೆ ಅದು ಸಮಸ್ಯೆ ಹೇಗಾಗುತ್ತೆ?"

ಮೂವರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ರೇಡಿಯೋಗೆ ಕಣ್ಣಲ್ಲಿ ನೀರೇ ಬಂತು. ಆದರೂ ಮಷಿನ್ ಹಗ್ಗ ಹತ್ತಿತು.

ರಿಬ್ಬನ್ ಕಟ್ಟುವುದು ಶುರುವಾಯಿತು. ಯುದ್ಧಕ್ಕೆ ಕೆಂಪು. ಕ್ಯಾಪ್ಟನ್ ಪಟ್ಟು ಬಿಡಲಿಲ್ಲ. ಬಿಸಿಲಿಗೂ ಕೆಂಪು. ಕಡ್ಡಿ ಬಿಡಲಿಲ್ಲ. ಊಟವಿಲ್ಲದೆ ಮಲಗುವ ಮಗುವಿಗೆ ಸ್ವಲ್ಪ ಕಾಯಪ್ಪ ಎಂದು ಹಳದಿ ಕಟ್ಟಲು ಯಾರಿಗೂ ಕೈ ಬರಲಿಲ್ಲ. ಹಸಿವಿಗೂ ಕೆಂಪು. ರೋಗಕ್ಕೆ, ನೀರಿಗೆ, ಮಷಿನ್‌ಗೂ ಕೆಂಪು. ಹಗ್ಗದ ತುಂಬ ಕೆಂಪೋ ಕೆಂಪು.

"ಇನ್ನೊಂದಿದೆ. ಹೊಗೆ" ಎಂದಳು ರೇಡಿಯೋ.

"ಹೊಗೆನಾ?" ಕಡ್ಡಿ ಹುಬ್ಬು ಏರಿಸಿದಳು. "ಹೊಗೆ ಬಂದ್ರೆ ಕಿಟಕಿ ಹಾಕ್ಕೊಂಡ್ರಾಯ್ತು. ಅದಕ್ಕೂ ಮನುಷ್ಯರೆಲ್ಲ ಸೇರಿ ತಲೆ ಕೆಡಿಸ್ಕೊಬೇಕಾ?"

"ಇಲ್ಲ ಕಣೇ, ನಮ್ಮನೆ ಪಕ್ಕದಲ್ಲಿ..."

"ಕೆಂಪು ರಿಬ್ಬನ್ನೇ ಮುಗೀತು" ಎಂದ ಕ್ಯಾಪ್ಟನ್. "ಹಸಿರು ಇದೆ. ಹಸಿರೇ ಕಟ್ಟು."

ಹೊಗೆಗೆ ಹಸಿರು ಬಿತ್ತು. ರೇಡಿಯೋ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಉಳಿದಿಬ್ಬರು ಮತ್ತೆ ಯುದ್ಧ ಬಿಸಿಲು ಎಂದು ಶುರು ಮಾಡಿದ್ದರು. ಪಿಸುಮಾತು ಎನ್ನುವುದು ಇಬ್ಬರಿಗೂ ಮರೆತೇಹೋಯಿತು.

ಒಳಬಾಗಿಲು ಕಿರ್ರೆಂದಿತು. ಕೆದರಿದ ತಲೆಯ ಅಮ್ಮ ಅರ್ಧ ಕಣ್ಣು ಬಿಟ್ಟುಕೊಂಡು ಬಂದರು. ಮೂವರೂ ಕಲ್ಲಾದರು. ಅಮ್ಮ ಬೈಯಲಿಲ್ಲ. ನೀರು ಕುಡಿದು, ಹಗ್ಗದ ಕಡೆ ನೋಡಿ, ಇನ್ನರ್ಧ ಕಣ್ಣನ್ನೂ ಬಿಟ್ಟರು.

"ಇದೇನು, ಬರೀ ಕೆಂಪು? ನನ್ನ ವಾರ್ಡಲ್ಲಿ ಹೀಗೆ ಕಟ್ಟಿದ್ರೆ ನಾನು ಯಾರ ಹತ್ರ ಹೋಗ್ಲಿ?"

"ಎಲ್ಲಾನೂ ದೊಡ್ಡದೇ ಅಮ್ಮ!"

"ದೊಡ್ಡದು ಯಾವುದು ಅಂತ ನಾವು ಕೇಳೋದೇ ಇಲ್ಲ ಪುಟ್ಟಾ. ಯಾರಿಗೆ ಕಾಯೋಕಾಗಲ್ಲ ಅಂತ ನೋಡ್ತೀವಿ."

"ಅದು ಹೇಗೆ ಗೊತ್ತಾಗುತ್ತೆ ಆಂಟಿ?" ಕ್ಯಾಪ್ಟನ್ ಕೇಳಿದ. "ಜೋರಾಗಿ ಕೂಗ್ತಾ ಇರೋರು ಯಾರೋ ಅವರ ಹತ್ರ ಓಡೋದಾ?"

"ಹೊಸದಾಗಿ ಬಂದೋರೆಲ್ಲ ಹಾಗೇ ಓಡ್ತಾರೆ. ನಾನೂ ಓಡಿದ್ದೆ." ಅಮ್ಮ ಆಕಳಿಸಿದರು. "ಕೂಗ್ತಾ ಇದಾರೆ ಅಂದ್ರೆ ಅವರಿಗೆ ಉಸಿರಿದೆ ಅಂತ ಅರ್ಥ. ನಾವು ಮೊದಲು ಸುಮ್ನೆ ಇರೋರನ್ನ ಹುಡುಕ್ತೀವಿ. ಈಗ ನೀವೂ ಸ್ವಲ್ಪ ಸುಮ್ನಿರಿ."

ಬಾಗಿಲು ಮುಚ್ಚಿತು. ಕಡ್ಡಿ ಹಗ್ಗವನ್ನೇ ನೋಡುತ್ತ ನಿಂತಳು. ರಟ್ಟಿನ ಚೂರುಗಳಲ್ಲಿ ಸುಮ್ಮನಿರುವುದು ಯಾವುದು? ರಟ್ಟುಗಳೆಲ್ಲ ಸುಮ್ಮನೇ ಇರುತ್ತವಲ್ಲ. ಅಮ್ಮನ ಮಾತು ಮನುಷ್ಯರಿಗೆ ಸರಿ, ಸಮಸ್ಯೆಗಳಿಗೆ ಹೇಗೆ? ಅವಳ ತಲೆಗೆ ಹುಳ ಬಿಟ್ಟ ಹಾಗಾಯಿತು.

ಹೊರಗೆ ಬಿಸಿಲು ಇಳಿಯುತ್ತಿತ್ತು. ಬೀದಿಯ ಕೊನೆಯಲ್ಲಿ, ರೇಡಿಯೋ ಮನೆಯ ಗೋಡೆಗೆ ತಾಗಿದ ಹಾಗೆ, ಒಂದು ಖಾಲಿ ಜಾಗವಿತ್ತು. ಇಡೀ ಬೀದಿಯ ಕಸ ಅಲ್ಲಿಗೇ ಹೋಗುತ್ತಿತ್ತು. ಸಂಜೆಯಾದರೆ ಅದಕ್ಕೆ ಯಾರಾದರೂ ಬೆಂಕಿ ಇಡುತ್ತಿದ್ದರು. ದಿನವೂ ಗಾಳಿ ಆ ಕಡೆಗೇ ಬೀಸುತ್ತಿತ್ತು. ಇವತ್ತು ಈ ಕಡೆ ತಿರುಗಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು.

"ಥೂ!" ಎಂದು ಕ್ಯಾಪ್ಟನ್ ಮೂಗು ಮುಚ್ಚಿಕೊಂಡ. ಕಿಟಕಿಯ ಮೇಲಿನ ಬಾಗಿಲು ಹಾಕಲು ಸ್ಟೂಲ್ ಹತ್ತಿದ. ಸ್ಟೂಲಿನ ಒಂದು ಕಾಲು ಗಿಡ್ಡ ಎಂದು ಕಡ್ಡಿ ಹೇಳುವುದರೊಳಗೆ ಅದು ವಾಲಿತು. ಕ್ಯಾಪ್ಟನ್ ಹಗ್ಗ ಹಿಡಿದ. ಹಗ್ಗ ಕಿತ್ತು ಬಂತು. ಮನುಷ್ಯರ ಸಮಸ್ಯೆಗಳೆಲ್ಲ ಸಾಲಾಗಿ ಅವನ ತಲೆ ಮೇಲೆ ಬಿದ್ದವು. ಕೊನೆಗೆ ಸ್ಟೂಲೂ ಅವನ ಕಾಲ ಮೇಲೆ ಬಿತ್ತು.

"ಅಯ್ಯಯ್ಯೋ! ನನ್ನ ಬೆರಳು ಹೋಯ್ತು! ರಕ್ತ! ರಕ್ತ ಬರ್ತಿದೆ!"

ಕಡ್ಡಿ ಹತ್ತಿಯ ಡಬ್ಬಕ್ಕೆ ಓಡಿದಳು. ಕ್ಯಾಪ್ಟನ್ ಊರು ಒಂದು ಮಾಡುವ ಹಾಗೆ ಅರಚುತ್ತಿದ್ದ. ಡಬ್ಬ ಹಿಡಿದು ತಿರುಗಿದವಳಿಗೆ ಏನೋ ಒಂದು ಕಡಿಮೆಯಾಗಿದೆ ಎನ್ನಿಸಿತು. ಏನದು?

ನಗು. ತಲೆ ಮೇಲೆ ಯುದ್ಧ, ಕಿವಿಗೆ ಹಸಿವು ಸಿಕ್ಕಿಸಿಕೊಂಡು ಕ್ಯಾಪ್ಟನ್ ಕೂತಿದ್ದಾನೆ, ಆದರೂ ರೇಡಿಯೋ ನಗುತ್ತಿಲ್ಲ. ತುಟಿ ಪಿಟಕ್ಕೆನ್ನುತ್ತಿಲ್ಲ. ಯಾವಾಗಿನಿಂದ? ಅಮ್ಮ ಒಳಗೆ ಹೋದ ಮೇಲೆ ಅವಳು ಒಂದೂ ಮಾತಾಡಿರಲಿಲ್ಲ.

ರೇಡಿಯೋ ಗೋಡೆಯ ಬಳಿ ಮುಂದಕ್ಕೆ ಬಾಗಿ, ಮಂಡಿಗಳ ಮೇಲೆ ಕೈಯೂರಿ ಕೂತಿದ್ದಳು. ಅವಳ ಭುಜಗಳು ಮೇಲೆ ಕೆಳಗೆ ಆಗುತ್ತಿದ್ದವು. ಒಂದೊಂದು ಉಸಿರಿಗೂ ಕತ್ತಿನ ಕೆಳಗೆ ಗುಳಿ ಬೀಳುತ್ತಿತ್ತು.

"ಏನಾಯ್ತೇ?"

"ಬ್ಯಾ..." ಎಂದಳು ರೇಡಿಯೋ. ಮುಂದಿನದು ಬರಲಿಲ್ಲ.

"ನನ್ನ ಕಾಲು!" ಎಂದು ಕ್ಯಾಪ್ಟನ್ ಕೂಗಿದ. ಹತ್ತಿಯ ಡಬ್ಬವನ್ನು ಅಲ್ಲೇ ಬಿಟ್ಟು ಕಡ್ಡಿ ಒಳಬಾಗಿಲನ್ನು ಎರಡೂ ಕೈಯಿಂದ ಬಡಿದಳು.

"ಅಮ್ಮಾ! ಮನೆಗೆ ಬೆಂಕಿ ಬಿದ್ದಿಲ್ಲ, ಆದ್ರೂ ಏಳು! ಬೇಗ ಏಳು!"

ಅಮ್ಮ ಬಂದ ರೀತಿಗೆ ಅವರು ನಿದ್ದೆಯಲ್ಲಿದ್ದರು ಎಂದರೆ ಯಾರೂ ನಂಬುತ್ತಿರಲಿಲ್ಲ. ಕ್ಯಾಪ್ಟನ್ ತನ್ನ ಕಾಲನ್ನು ಮೇಲೆತ್ತಿ ತೋರಿಸಿದ. ಅಮ್ಮ ಅವನನ್ನು ದಾಟಿ ನೇರ ರೇಡಿಯೋ ಹತ್ತಿರ ಹೋಗಿ ಕೂತರು.

"ಇನ್ಹೇಲರ್ ಇದೆಯಾ? ಬ್ಯಾಗೊಳಗಾ?"

ರೇಡಿಯೋ ತಲೆ ಆಡಿಸಿದಳು. ಕಡ್ಡಿ ಬ್ಯಾಗನ್ನು ನೆಲಕ್ಕೆ ಸುರಿದಳು. ಪೆನ್ಸಿಲ್ ಬಾಕ್ಸಿನ ಹಿಂದಿನಿಂದ ನೀಲಿ ಬಣ್ಣದ ಪುಟ್ಟ ಪಂಪು ಉರುಳಿತು.

"ಕಿಟಕಿ ಹಾಕು. ಎಲ್ಲಾ ಕಿಟಕಿ. ಕಂದಾ, ನೀನು ನೆಟ್ಟಗೆ ಕೂತ್ಕೋ. ಹೂಂ, ಒಳಗೆ ಎಳ್ಕೋ... ಹಿಡ್ಕೋ... ಈಗ ನಿಧಾನ ಬಿಡು. ಹೆದರ್ಬೇಡ, ನಾನಿದೀನಿ."

ಮತ್ತೆ ಒಂದು ಸಲ. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಅಮ್ಮನ ಒಂದು ಕೈ ರೇಡಿಯೋ ಬೆನ್ನ ಮೇಲೆ, ಇನ್ನೊಂದು ಕೈಯಲ್ಲಿ ಫೋನು. ರೇಡಿಯೋಳ ಅಮ್ಮನಿಗೆ ಬರಲು ಹೇಳಿದರು. ಕಡಿಮೆಯಾಗದಿದ್ದರೆ ಇಲ್ಲಿಂದಲೇ ಆಸ್ಪತ್ರೆಗೆ ಹೋಗೋಣ ಎಂದರು. ಕಡ್ಡಿ ಗೋಡೆಗೆ ಒರಗಿ ನಿಂತು ರೇಡಿಯೋ ಕತ್ತಿನ ಗುಳಿಯನ್ನೇ ನೋಡಿದಳು. ಅದು ಬೀಳದಿರಲಿ, ಬೀಳದಿರಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಇಷ್ಟು ಹೆದರಿಕೆ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಆ ಗುಳಿ ಸಣ್ಣದಾಗುತ್ತ ಬಂದು, ಕೊನೆಗೆ ಕಾಣದಾಯಿತು.

"ಆಂಟಿ, ನನ್ನ ಬೆರಳು..." ಎಂದ ಕ್ಯಾಪ್ಟನ್ ಮೆಲ್ಲಗೆ.

"ನಿಂದು ಹಸಿರು" ಎಂದರು ಅಮ್ಮ. "ನಿನ್ನ ಕೂಗು ಆಸ್ಪತ್ರೆವರೆಗೂ ಕೇಳಿಸಿರುತ್ತೆ. ಸ್ವಲ್ಪ ಕಾಯಿ, ಪಟ್ಟಿ ಹಾಕ್ತೀನಿ."

ರೇಡಿಯೋ ಮುಖದಲ್ಲಿ ನಗು ಇಣುಕಿತು. ಕಡ್ಡಿಗೆ ಹೋದ ಜೀವ ಬಂದ ಹಾಗಾಯಿತು.

ಅಮ್ಮ ಕ್ಯಾಪ್ಟನ್‌ನ ಬೆರಳಿಗೆ ಪಟ್ಟಿ ಸುತ್ತಿ ಬಿಸಿನೀರು ತರಲು ಅಡುಗೆಮನೆಗೆ ಹೋದರು. ಕ್ಯಾಪ್ಟನ್ ಕುಂಟುತ್ತ ಹೋಗಿ ನೆಲದ ಮೇಲಿನ ರಟ್ಟುಗಳಲ್ಲಿ ಹುಡುಕಿ, ಹೊಗೆಯ ಹಸಿರು ರಿಬ್ಬನ್ ಬಿಚ್ಚಿದ. ಹೊಗೆಗೆ ಕಟ್ಟಲು ಯುದ್ಧದ ಕೆಂಪು ರಿಬ್ಬನ್ನಿಗೂ ಕೈ ಹಾಕಿದ. ರೇಡಿಯೋ ಬೇಡ ಎಂದು ತಲೆ ಅಲ್ಲಾಡಿಸಿದಳು.

"ಅದನ್ನ ತೆಗೀಬೇಡ. ಅಲ್ಲೂ... ಹುಡುಗರು ಇರ್ತಾರೆ."

ಕ್ಯಾಪ್ಟನ್ ಎರಡೂ ರಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ.

"ಆಗ ಏನೋ ಹೇಳೋಕೆ ಬಂದೆ. ನಿಮ್ಮನೆ ಪಕ್ಕದಲ್ಲಿ ಅಂತ" ಎಂದಳು ಕಡ್ಡಿ. "ಈಗ ಹೇಳು."

ರೇಡಿಯೋ ಉಸಿರೆಳೆದುಕೊಂಡಳು. "ದಿನಾ ಸಂಜೆ ಸುಡ್ತಾರಲ್ಲ. ಕಿಟಕಿ ಹಾಕಿದ್ರೂ... ಬರುತ್ತೆ. ಆಮೇಲೆ ಮಾತಾಡೋಕಾಗಲ್ಲ. ಕೆಮ್ಮು ಬರುತ್ತೆ. ಅದಕ್ಕೇ ಬೆಳಿಗ್ಗೆನೇ... ಎಲ್ಲಾ ಮಾತಾಡಿ ಮುಗಿಸ್ಬಿಡ್ತೀನಿ."

ಕ್ಯಾಪ್ಟನ್ ಹೊಗೆಯ ರಟ್ಟನ್ನು ಅವಳ ಕೈಗೆ ಕೊಟ್ಟ.

ಕಿಟಕಿಯಲ್ಲಿ ಆಡುತ್ತಿದ್ದ ಆ ಕೈ ಕಡ್ಡಿಯ ಕಣ್ಣ ಮುಂದೆ ಬಂತು. ತಾವು ಬೀದಿಯಲ್ಲಿ ಆಡುತ್ತಿದ್ದ ಸಂಜೆಗಳೆಲ್ಲ ಬಂದವು. ತಮ್ಮ ಮನೆಯ ಕಸದ ಬುಟ್ಟಿಯನ್ನು ಆ ಖಾಲಿ ಜಾಗಕ್ಕೆ ಸುರಿದು ಬರುತ್ತಿದ್ದವಳೂ ತಾನೇ. ಅವಳಿಗೆ ತುಂಬಾ ನಾಚಿಕೆಯಾಯಿತು.

"ಸೋಮವಾರ ನೀನೇ ಮಾತಾಡು" ಎಂದಳು. "ಫಸ್ಟ್ ಪೀರಿಯಡ್ಡೇ ಕೊಡಿ ಅಂತ ಮಿಸ್‌ನ ನಾನು ಕೇಳ್ತೀನಿ."

"ಎಷ್ಟು ಹೊತ್ತು ಮಾತಾಡ್ಲಿ?"

"ನಿನಗೆ ಸಾಕು ಅನ್ಸೋವರೆಗೂ" ಎಂದ ಕ್ಯಾಪ್ಟನ್. ಇಡೀ ಸ್ಕೂಲಿನಲ್ಲಿ ಆ ಮಾತನ್ನು ರೇಡಿಯೋಗೆ ಯಾರೂ ಹೇಳಿರಲಿಲ್ಲ.

ಹೊರಗೆ ಇನ್ನೂ ಹೊಗೆಯಿತ್ತು. ರೇಡಿಯೋಳ ಅಮ್ಮ ಬರುವವರೆಗೆ ಮೂವರೂ ನೆಲದ ಮೇಲೆ, ಬಿದ್ದ ರಟ್ಟುಗಳ ಮಧ್ಯೆ ಕೂತರು.

"ನಿನ್ನೆ ನಮ್ಮ ಬೆಕ್ಕು..." ಎಂದು ರೇಡಿಯೋ ಶುರು ಮಾಡಿದಳು. ನಿಲ್ಲಿಸಿ ಉಸಿರು ತೆಗೆದುಕೊಂಡಳು. "ಕಪಾಟಿನ ಮೇಲೆ ಹತ್ತಿ..." ಮತ್ತೆ ನಿಲ್ಲಿಸಿದಳು.

ಬೇರೆ ದಿನವಾಗಿದ್ದರೆ ಕಡ್ಡಿ ಇಷ್ಟರಲ್ಲಿ, "ಸಾಕು ಮಾಡೇ ನಿನ್ನ ಬೆಕ್ಕಿನ ಪುರಾಣ" ಎಂದಿರುತ್ತಿದ್ದಳು. ಈಗ ಅವಳು ಕಾದಳು. ರೇಡಿಯೋಗೆ ಉಸಿರು ಒಳಗೆ ಹೋಯಿತು, ಹೊರಗೆ ಬಂತು.

ಮನೆಯಲ್ಲಿ ಯಾರೂ ಮಲಗಿರಲಿಲ್ಲ. ಆದರೂ ಕಡ್ಡಿ ಪಿಸುಮಾತಿನಲ್ಲೇ ಕೇಳಿದಳು:

"ಆಮೇಲೆ?"