ಖಾಲಿ ತರಂಗದ ಮೇಲಿನ ಗದ್ದಲ

"ಆಸ್ಪತ್ರೆಗೆ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕ ಇಲ್ಲಮ್ಮ. ಕಿವಿ ತುಂಬ ಬರೀ ಗೊರಗೊರ. ಮಗು ಉಳೀಲಿಲ್ಲ," ಎಂದಳು ಸೂಲಗಿತ್ತಿ, ಕುರ್ಚಿಯ ತುದಿಯಲ್ಲಿ ಕುಳಿತು.

ಪತ್ತೇದಾರಿ ಅತ್ತೆ ಅವಳ ಮಾತು ಮುಗಿಯುವವರೆಗೂ ಮಿಸುಕಲಿಲ್ಲ. ಅವರ ಎಲ್ಲ ಪ್ರಕರಣಗಳಿಗೂ ಜೊತೆಗಾರನಾದ ಸೋದರಳಿಯನಿಗೆ ಮಾತ್ರ ಅಪರಾಧಿ ಆಗಲೇ ಕಣ್ಣಿಗೆ ಕಟ್ಟಿದ್ದ. ಊರಿನಲ್ಲಿದ್ದದ್ದು ಎರಡೇ ಫೋನ್ ಕಂಪನಿ. ಸಣ್ಣದು ಸರ್ಕಾರದ ಹರಾಜಿನಲ್ಲಿ ಕರೆ ಸಾಗಿಸುವ ರೇಡಿಯೋ ಅಲೆ, ಅಂದರೆ ತರಂಗಾಂತರ, ಹಿಡಿದು ಕರೆಯ ದರ ಇಳಿಸಿತ್ತು. ದೊಡ್ಡದೂ ಹಲ್ಲು ಕಚ್ಚಿಕೊಂಡು ಇಳಿಸಿತ್ತು. ಈಗ ಯಾರೋ ಸಣ್ಣದರ ತರಂಗಾಂತರದ ಮೇಲೆ ಗದ್ದಲ ಹರಿಯಬಿಡುತ್ತಿದ್ದರು; ಸೂಲಗಿತ್ತಿಯ ಫೋನೂ ಅದರದೇ.

"ದೊಡ್ಡ ಕಂಪನಿ ಮ್ಯಾನೇಜರ್ ಕೆಲಸ, ಇನ್ಯಾರದು?" ಎಂದ ಅವನು.

"ಆತುರಗಾರನಿಗೆ ಬುದ್ಧಿ ಮಟ್ಟ ಕಣೋ."

ಅತ್ತೆ ಸಣ್ಣ ಕಂಪನಿಯ ಮಾಲೀಕನಿಗೆ ಗುಟ್ಟಾಗಿ ಹೇಳಿದರು: ನಾಳೆ ಬೆಳಗ್ಗೆ ಹತ್ತಕ್ಕೆ ಕರೆಗಳನ್ನೆಲ್ಲ ನಿಮ್ಮ ಪಾಲಿನ ತರಂಗಾಂತರದಲ್ಲೇ ಖಾಲಿಯಿರುವ ಇನ್ನೊಂದು ಪಟ್ಟಿಗೆ ಸರಿಸಿ. ಅವನ ಇಂಜಿನಿಯರಮ್ಮನಿಗೆ ಬೇರೆಯೇ ಹೇಳಿದರು: ಮಾಲೀಕ ಹೇಳಿದರೂ ಮಧ್ಯಾಹ್ನದವರೆಗೆ ಏನನ್ನೂ ಮುಟ್ಟಬೇಡ, ಮುಟ್ಟಿಲ್ಲ ಅಂತ ಅವನಿಗೂ ತಿಳಿಸಬೇಡ.

ಮರುದಿನ ಸೋದರಳಿಯ ಸಣ್ಣ ಕಂಪನಿಯ ಫೋನ್ ಗೋಪುರದ ಕೋಣೆಯಲ್ಲಿ ಕುಳಿತಿದ್ದ. ಹತ್ತಾಯಿತು. ಇಂಜಿನಿಯರಮ್ಮ ಕೈಕಟ್ಟಿ ಕುಳಿತಿದ್ದಳು. ಆದರೂ ಕರೆಗಳೆಲ್ಲ ತಟ್ಟನೆ ತಿಳಿಯಾದವು. ಯಾರೂ ಬಳಸದ ಖಾಲಿ ಪಟ್ಟಿಯಲ್ಲಿ ಗದ್ದಲ ಎದ್ದಿತು. ಮಧ್ಯಾಹ್ನ ಅವಳು ಕರೆಗಳನ್ನು ಅತ್ತ ಸರಿಸಿದ್ದೇ ತಡ, ಮತ್ತೆ ಗೊರಗೊರ. ಅವನಿಗೆ ತಲೆಬುಡ ತಿಳಿಯಲಿಲ್ಲ. ಖಾಲಿ ಮನೆಗೆ ಯಾವ ಕಳ್ಳ ಕನ್ನ ಹಾಕುತ್ತಾನೆ?

ಸಂಜೆ ಅತ್ತೆಯ ಹಜಾರದಲ್ಲಿ ಸೂಲಗಿತ್ತಿ, ಇಂಜಿನಿಯರಮ್ಮ, ಎರಡೂ ಕಂಪನಿಯವರು ಎಲ್ಲರೂ ಸೇರಿದರು.

"ಹೊರಗಿನವರಾಗಿದ್ದರೆ ಕರೆಗಳ ಹಿಂದೆ ಹೋಗೋರು. ಈ ಗದ್ದಲ ಕರೆಗಳಿಗಿಂತ ಮುಂಚೆಯೇ ಹೋಗಿ ಕಾದಿತ್ತು," ಎಂದರು ಅತ್ತೆ. "ಇಂಜಿನಿಯರಮ್ಮನಿಗೆ ನಿಜವಾದ ಹೊತ್ತು ಗೊತ್ತಿತ್ತು. ಹತ್ತು ಗಂಟೆ ಅಂತ ನಂಬಿದ್ದವರು ಒಬ್ಬರೇ."

ಮಾಲೀಕ ತಲೆ ತಗ್ಗಿಸಿದ. "ಹರಾಜಿನ ಹುಮ್ಮಸ್ಸಲ್ಲಿ ಕೈಮೀರಿ ಕೂಗಿಬಿಟ್ಟೆ. ತರಂಗಾಂತರ ಕೆಟ್ಟದ್ದು ಅಂತ ತೀರ್ಮಾನ ಆದರೆ ಸರ್ಕಾರ ಹಣ ವಾಪಸ್ ಕೊಡುತ್ತೆ. ಜನ ಬೇಸತ್ತು ದೂರು ಕೊಡಲಿ ಅಂತಷ್ಟೇ..."

ಸೋದರಳಿಯನ ಗೊಂದಲ ಇನ್ನೂ ಹೆಚ್ಚಾಯಿತು. "ಇವರು ಜೈಲಿಗೆ ಹೋದರೆ ಕಂಪನಿ ಮುಚ್ಚುತ್ತೆ. ಉಳಿಯೋದು ದೊಡ್ಡದೊಂದೇ. ದರ ಏರಿದರೆ ಪೆಟ್ಟು ಮತ್ತೆ ಜನಕ್ಕೇ ಅಲ್ವಾ ಅತ್ತೆ?"

ದೊಡ್ಡ ಕಂಪನಿಯ ಮ್ಯಾನೇಜರ್ ಕಿಟಕಿಯತ್ತ ತಿರುಗಿದ.

"ಇವರ ತರಂಗಾಂತರ ಮತ್ತೆ ಹರಾಜಿಗೆ ಬಂದಾಗ ದೊಡ್ಡದಕ್ಕೆ ಅವಕಾಶ ಬೇಡ ಅಂತ ಸರ್ಕಾರಕ್ಕೆ ಹೇಳ್ತೀನಿ," ಎಂದರು ಅತ್ತೆ. "ಕೇಳ್ತಾರೋ ಇಲ್ವೋ, ನನಗೂ ಗೊತ್ತಿಲ್ಲ."

ಸೂಲಗಿತ್ತಿ ಎದ್ದು ಮಾಲೀಕನ ಮುಂದೆ ನಿಂತಳು.

"ಅಲೆ ಯಾರದಾದರೂ ಆಗಲಿ ಸ್ವಾಮಿ. ನಾನು ಕರೆದಾಗ ಆ ಕಡೆ ಒಬ್ಬರು ಓಗೊಟ್ಟಿದ್ದರೆ ಸಾಕಿತ್ತು."