ಅಳೆಯಬಾರದ ಮನೆ

"ಮನೆ ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಒಳಗೆ ಟೇಪು ಬಿಚ್ಚಬೇಡಿ," ಎಂದ ಮುದಿ ಬಡಗಿ. ಆ ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ಕೂರಿಸಿದವನು ಅವನೇ. ಈಗ ಹೊಸ್ತಿಲಾಚೆಯೇ ನಿಂತಿದ್ದ.

"ಯಾಕಜ್ಜ, ಗೋಡೆಗೆ ಕಚಗುಳಿ ಆಗುತ್ತಾ?" ಎಂದು ನಕ್ಕ ತಕ್ಕಡಿ.

ತಕ್ಕಡಿ ಎಂಬುದು ವಿಮಾ ಕಚೇರಿಯ ಗೆಳೆಯರು ಇಟ್ಟ ಹೆಸರು. ಯಾರ ಬದುಕಿಗೆ ಎಷ್ಟು ಅಪಾಯ ಎಂದು ತೂಗುವುದೇ ಅವನ ಉದ್ಯೋಗ. ಬದನೆಕಾಯಿಯನ್ನೂ ಅಳೆದು ಸುರಿದು ಕೊಳ್ಳುವ ಪ್ರಾಣಿ. ಇದ್ದೊಂದು ಚಿಕ್ಕ ಮನೆ ಮಾರಿ ಇದನ್ನು ಕೊಳ್ಳುವುದು, ನಾಲ್ಕು ವರ್ಷ ವಾಸವಿದ್ದು ಬೆಲೆ ಏರಿದಾಗ ಇದನ್ನೂ ಮಾರುವುದು ಅವನ ಯೋಚನೆ. ಕಾಗದದ ಒಂದು ಬದಿಗೆ ಲಾಭ, ಇನ್ನೊಂದು ಬದಿಗೆ ಅಪಾಯ ಬರೆದಿದ್ದ. ಪತ್ರಗಳು ಚೊಕ್ಕ, ನೀರು ಧಾರಾಳ, ಮಗಳ ಶಾಲೆ ಹತ್ತಿರ. ಬೆಲೆಯಂತೂ ಬೀದಿಯ ಉಳಿದ ಮನೆಗಳಿಗಿಂತ ಎಷ್ಟೋ ಕಡಿಮೆ.

ಯಾಕೆ ಕಡಿಮೆ ಎಂದು ಬಡಗಿ ಹೇಳಿದ. ಇಲ್ಲಿ ಒಬ್ಬ ವಿಧವೆ ಬಟ್ಟೆ ಹೊಲಿದು ಬದುಕುತ್ತಿದ್ದಳು. ಮೈದುನ ಸುಳ್ಳು ಅಳತೆ ಬರೆಸಿ ಅವಳ ಪಾಲನ್ನು ಕೋಣೆ ಕೋಣೆಯಾಗಿ ಕಿತ್ತುಕೊಂಡ. ಕೊನೆಯ ದಿನ ಅವಳು ತನ್ನ ಹೊಲಿಗೆಯ ಟೇಪಿಗೆ ರಕ್ತ ಸವರಿ, ಏಳು ಗಂಟು ಹಾಕಿ, ಮಂತ್ರ ಹೇಳಿ ಮನೆಯೊಳಗೆಲ್ಲೋ ಬಚ್ಚಿಟ್ಟಳು.

"ಇಲ್ಲಿ ಅಳೆದಿದ್ದು ಕರಗಲಿ ಅಂದ್ಲು. ನಾನೇ ಕೇಳಿಸ್ಕೊಂಡೆ ಸ್ವಾಮಿ. ಕರಗಿದ್ದು ವಾಪಸ್ ಬರಲ್ಲ."

ತಕ್ಕಡಿ ಇದನ್ನು ಅಪಾಯದ ಬದಿಗೆ ಬರೆಯಲಿಲ್ಲ. ಹೆಂಡತಿಗೂ ಹೇಳಲಿಲ್ಲ, ಹೇಳಿದ್ದರೆ ಅವಳು ಬೇಡವೇ ಬೇಡ ಎನ್ನುತ್ತಿದ್ದಳು. ಜಾಣ. ಅತಿ ಜಾಣ.

ಬಡಗಿ ಬೆನ್ನು ತಿರುಗಿಸಿದ್ದೇ ತಡ, ಟೇಪು ಬಿಚ್ಚಿದ. ಹಿಂದಿನ ಕೋಣೆ ಹತ್ತಡಿ, ಪತ್ರದಲ್ಲಿದ್ದಷ್ಟೇ. ಹಸಿ ಸುಣ್ಣದ ವಾಸನೆಯ ಅಡಿಯಲ್ಲಿ ಮೆಷೀನಿನ ಎಣ್ಣೆಯ ಕಮಟು, ಸುಟ್ಟ ದಾರದ ಘಾಟು ಮೂಗಿಗೆ ಬಡಿಯಿತು. ಇನ್ನೊಮ್ಮೆ ಸುಣ್ಣ ಬಳಿದು ಕಿಟಕಿ ತೆಗೆದರೆ ಹೋಗುತ್ತದೆ ಎಂದುಕೊಂಡ.

ಮನೆ ಸೇರಿದ ವಾರಕ್ಕೇ ಆ ಕೋಣೆಯ ಮಂಚ ಗೋಡೆಗೆ ಒತ್ತಿಕೊಂಡಿತು. ಮರುವಾರ ಬೀರುವಿನ ಬಾಗಿಲು ಮಂಚಕ್ಕೆ ತಗುಲಿ ತೆರೆಯದಾಯಿತು. ಹಾಡುಹಗಲೇ ಗೋಡೆಯೊಳಗಿಂದ ಹೊಲಿಗೆ ಮೆಷೀನು ತುಳಿದಂತೆ ಟಕಟಕ ಸದ್ದು. ತಕ್ಕಡಿ ಮತ್ತೆ ಅಳೆದ. ಒಂಬತ್ತಡಿ. ಮರುದಿನ ಎಂಟೂವರೆ. ಟೇಪನ್ನು ಕಚೇರಿಯ ಕಸದ ಬುಟ್ಟಿಗೆ ಎಸೆದ. ಗೋಡೆ ರಿಪೇರಿ ಎಂದು ಹೆಂಡತಿಗೆ ಸುಳ್ಳು ಹೇಳಿ ಕೋಣೆಗೆ ಬೀಗ ಜಡಿದ. ಹೋದರೆ ಒಂದು ಕೋಣೆ ಹೋಯಿತು, ಇನ್ನು ಅಳೆಯದಿದ್ದರಾಯಿತು ಎಂಬುದು ಅವನ ಹೊಸ ಲೆಕ್ಕಾಚಾರ.

ಮೂರು ದಿನ ಕಳೆದು, ಮಧ್ಯಾಹ್ನ ಕಚೇರಿಗೆ ಹೆಂಡತಿಯ ಫೋನು ಬಂತು.

"ರೀ, ಪಾಪುದು ಯೂನಿಫಾರ್ಮ್ ಹೊಲಿಯೋಕೆ ಕೊಟ್ಟು ಬಂದೆ. ಅಟ್ಟದ ಮೇಲೆ ಒಂದು ಹಳೇ ಟೇಪು ಸಿಕ್ತು ನೋಡಿ, ಮೈಯೆಲ್ಲ ಗಂಟು. ಬಿಚ್ಚೋದ್ರೊಳಗೆ ಸಾಕುಸಾಕಾಯ್ತು."

ಅವನು ಕುರ್ಚಿ ಬಿಟ್ಟೆದ್ದ. "ಅದ್ರಲ್ಲೇ ಅಳೆದ್ಯಾ?"

"ಹೂಂ, ಮನೇಲೇ. ಭುಜ, ತೋಳು, ಸೊಂಟ, ಉದ್ದ, ಎಲ್ಲಾ ಚೀಟೀಲಿ ಬರ್ದು ಕೊಟ್ಟೆ. ಯಾಕೆ?"

ಓಡಿದ. ಚಪ್ಪಲಿ ಕಿತ್ತಿತು. ಬರಿಗಾಲಲ್ಲೇ ಓಡಿದ. ಮೆಟ್ಟಿಲು. ಬಾಗಿಲು. ಅದೇ ಎಣ್ಣೆಯ ಕಮಟು. ಗೋಡೆಗೆ ಕಿವಿಯಿಟ್ಟ. ಟಕಟಕ ಇಲ್ಲ. ಮೆಷೀನು ನಿಂತಿತ್ತು. ಹೊಲಿಗೆ ಮುಗಿಸಿದವರು ಎದ್ದು ಹೋದಂತೆ.

ಆರು ವರ್ಷದ ಮಗಳು ನೆಲದ ಮೇಲೆ ಕೂತು ಚಿತ್ರ ಬರೆಯುತ್ತಿದ್ದಳು. ಏನೂ ಆಗಿರಲಿಲ್ಲ. ಅವನು ಮಗುವನ್ನು ಎದೆಗವುಚಿಕೊಂಡು ಅತ್ತ. ಅವತ್ತೇ ಇಬ್ಬರನ್ನೂ ಅಕ್ಕನ ಮನೆಗೆ ಕರೆದೊಯ್ದ. ಮನೆಯಲ್ಲಿ ಹಾವು ಕಂಡೆ ಎಂದ. ಆಗಲೂ ನಿಜ ಹೇಳಲಿಲ್ಲ.

ಎಂಟು ದಿನಕ್ಕೆ ಅಂಗಿ ಬಂತು. ಅಳತೆ ಚೀಟಿಗಿಂತ ಒಂದು ನೂಲೂ ಜಾಸ್ತಿ ಇಟ್ಟಿಲ್ಲ ಎಂದಿದ್ದನಂತೆ ದರ್ಜಿ. ಮಗಳು ತೊಟ್ಟು ನಿಂತಳು. ಕೈ ಬೆರಳು ತೋಳಿನೊಳಗೆ ಮುಳುಗಿದ್ದವು.

"ಬೆಳೆಯೋ ಮಗು ಅಂತ ದೊಡ್ಡದೇ ಹೊಲಿದಿದಾರೆ," ಎಂದು ನಗುತ್ತ ಹೆಂಡತಿ ತೋಳು ಮಡಿಸಿದಳು. ಒಂದು ಮಡಿಕೆ. ಎರಡು. ಮೂರನೆಯದಕ್ಕೆ ನಗು ನಿಂತಿತು. "ರೀ, ಹೋದ ವಾರ ನಾನೇ ಅಳೆದಿದ್ದಲ್ವಾ? ನಿಮಗೇನಾದ್ರೂ ಗೊತ್ತಾ?"

ತಕ್ಕಡಿ ತೋಳಿನ ಮಡಿಕೆಗಳನ್ನು ಮತ್ತೆ ಎಣಿಸಿದ.

"ಎತ್ಕೋ ಅಪ್ಪಾ," ಎಂದು ಮಗಳು ಜೋತುಬಿದ್ದ ತೋಳುಗಳನ್ನು ಚಾಚಿದಳು. ಎತ್ತಿಕೊಂಡ. ಜೀವನವಿಡೀ ತೂಗಿದ ಮನುಷ್ಯ. ಅವನ ಕೈಗೆ ತಕ್ಷಣ ತಿಳಿಯಿತು, ಮಗು ನಿನ್ನೆಗಿಂತ ಹಗುರವಾಗಿತ್ತು.