ಅಳಿಸಿದ ತಾರೀಖು

"ಏ... ಅಳಸಬ್ಯಾಡ್ರಿ!"

ತಲೆಯ ಮೇಲಿನ ಕೊಡ ಇಳಿಸುವುದನ್ನೂ ಮರೆತು ಕೋಮಲ ಕೂಗಿದಳು.

ಆಗಲೇ ಹೊತ್ತು ಮೀರಿತ್ತು. ಹೊಸ ಗೋಡೆಯ ಮೇಲೆ ಇಟ್ಟಂಗಿ ತುಂಡಿನಿಂದ ಬರೆದಿದ್ದ ಮೂರನೇ ತಾರೀಖನ್ನು ಒದ್ದೆ ಗೋಣಿಚೀಲದಿಂದ ಒರೆಸಿ, ಸೂಪರ್‌ವೈಸರ್ ಪರಶು ಅಲ್ಲಿ ಆರು ಎಂದು ಬರೆದಿದ್ದ.

"ಸ್ಲ್ಯಾಬ್ ಹಾಕಿದ್ದು ಮೂರಕ್ಕ. ನಾನ ನಿಂತು ನೋಡೇನಿ. ಸುಳ್ಳ ಯಾಕ ಬರದ್ರಿ?"

"ಆರ ಇರಲಿ," ಎಂದ ಅವನು, ಅವಳ ಮುಖ ನೋಡದೆ. "ನೀರು ಮಾತ್ರ ನಿಲ್ಲಸಬ್ಯಾಡ್ರಿ."

ಅವರಿಬ್ಬರ ನಡುವೆ ಅದೇ ಮೊದಲ ಮಾತು!

ಆರು ವರ್ಷದ ಹಿಂದೆ ಭೀಮೆಯ ಪ್ರವಾಹ ದೇವಣಗಾಂವದಲ್ಲಿ ಕೋಮಲಳ ಮನೆಯನ್ನು ಒಯ್ದಿತ್ತು. ಅಂದಿನಿಂದ ಅವಳೂ ತಾಯಿ ಗುಂಡವ್ವನೂ ತಗಡಿನ ಶೆಡ್ಡಿನಲ್ಲಿದ್ದರು. ಈಗ ಕಂಪನಿಯೊಂದು ಸರ್ಕಾರದ ಗುತ್ತಿಗೆ ಹಿಡಿದು ದಿಬ್ಬದ ಮೇಲೆ ಸಂತ್ರಸ್ತರಿಗೆ ಮನೆ ಕಟ್ಟುತ್ತಿತ್ತು. ಹೊಸ ಸ್ಲ್ಯಾಬುಗಳು ಗಟ್ಟಿಯಾಗಲೆಂದು ದಿನಾ ನೀರು ಹಾಕುವ ಕೂಲಿ ಕೋಮಲಳದು. ಈ ನಲವತ್ತೊಂದನೇ ಮನೆಯಂತೂ ಅವಳ ಪಾಲಿಗೇ ಬಂದಿತ್ತು.

ಗೋಡೆಯ ತಾರೀಖಿನಿಂದ ಹದಿನಾಲ್ಕು ದಿನ ಎಣಿಸಿ, ಸ್ಲ್ಯಾಬಿಗೆ ಆನಿಸಿದ ಕಬ್ಬಿಣದ ಜಾಕುಗಳನ್ನು ತೆಗೆಯುವುದು ಅಲ್ಲಿನ ರೂಢಿ. ಹದಿನೆಂಟಕ್ಕೆ ಮಂತ್ರಿಗಳು ಬಂದು ಕೀಲಿ ಕೊಡುವವರಿದ್ದರು. ಆರು ಅಂತಾದರೆ ಜಾಕು ತೆಗೆಯುವುದು ಇಪ್ಪತ್ತಕ್ಕೆ. ಕೀಲಿ ತಪ್ಪಿತು! ಮತ್ತೆ ಯಾವಾಗಲೋ... 'ಮುಂದಿನ ತಿಂಗಳು' ಎಂಬ ಮಾತನ್ನು ಆರು ವರ್ಷ ಕೇಳಿ ಕೇಳಿ ಅವಳ ಕಿವಿಗಳು ದಣಿದಿದ್ದವು.

ಅವಳಿಗೆ ಇನ್ನೊಂದು ನೋವೂ ಇತ್ತು. ದಿನಾ ಅವಳು ಬರುವುದರೊಳಗೆ ಪರಶು ಮೇಲಿನ ಡ್ರಮ್ಮಿಗೆ ತಾನೇ ನೀರು ಏರಿಸಿರುತ್ತಿದ್ದ. ಮಾತಿಲ್ಲ, ನಗೆಯಿಲ್ಲ. ಆ ಮೌನ ಅವಳಿಗೆ ಹಿಡಿಸಿಬಿಟ್ಟಿತ್ತು.

'ಇವನೂ ಎಲ್ಲಾರಂಗ ಸುಳ್ಳ ಹೇಳಾವನೇನು...'

ಸಿಟ್ಟಿನಲ್ಲಿ ಹೋಗಿ ಇಂಜಿನಿಯರ್ ಸಂಜೀವಕುಮಾರರಿಗೆ ಹೇಳಿಯೇಬಿಟ್ಟಳು.

ಹದಿನೇಳಕ್ಕೆ ಸಾಹೇಬರು ಆಳುಗಳೊಂದಿಗೆ ಬಂದರು. "ಜಾಕು ತೆಗೀರಿ!"

ಪರಶು ಒಳಗೆ ಹೋಗಿ ಸ್ಲ್ಯಾಬಿನ ಕೆಳಗೆ ನಟ್ಟನಡುವೆ, ನೆಲದ ಮೇಲೆ ಕುಳಿತುಬಿಟ್ಟ. "ತೆಗೀರಿ. ನಾ ಇಲ್ಲೇ ಇರ್ತೇನಿ."

"ತಲಿ ಕೆಟ್ಟೈತೇನಲೇ?"

"ಹಾಕಿದ ಮ್ಯಾಲ ಮೂರು ದಿನ ಇದಕ್ಕ ಹನಿ ನೀರು ಬಿದ್ದಿಲ್ರಿ ಸಾಹೇಬ್ರ. ಆ ಮೂರು ದಿನ ನಾ ಇಂಡಿ ಸೈಟಿನ್ಯಾಗ ಇದ್ದೆ, ಬಂದು ನಾನ ಮುಟ್ಟಿ ನೋಡೇನಿ. ಮ್ಯಾಲ ಹಾಸಿದ ಚೀಲ ಒಣಗಿ ಹಪ್ಪಳ ಆಗಿದ್ದವು. ಇನ್ನ ಮೂರು ದಿನ ಜಾಕು ಇರಬೇಕು, ಇಲ್ಲಂದ್ರ ಕುಸೀತೈತಿ."

"ನೀರು ಹಾಕೋರು ಯಾರಿದ್ರು? ಹೆಸರು ಹೇಳು, ಇವತ್ತ ಕೆಲಸದಿಂದ ತೆಗೀತೇನಿ!"

ಪರಶು ತಲೆ ತಗ್ಗಿಸಿದ. "ನನ್ನ ತಪ್ಪು ಅಂತ ಬರಕೋರಿ."

ಬಾಗಿಲಲ್ಲಿ ನಿಂತ ಕೋಮಲ ಬೆರಳು ಮಡಚಿ ಎಣಿಸಿದಳು. ನಾಲ್ಕು, ಐದು, ಆರು... ಆ ಮೂರೂ ದಿನ ಅವಳು ಶೆಡ್ಡಿನಲ್ಲಿ ಜ್ವರದಿಂದ ಸುಡುತ್ತಿದ್ದಳು. ಕೂಲಿ ತಪ್ಪೀತೆಂದು ಯಾರಿಗೂ ಹೇಳಿರಲಿಲ್ಲ.

ಅವನು ಅಳಿಸಿದ್ದು ಅವಳ ತಪ್ಪನ್ನು!

"ನಾನ್ರಿ ಸಾಹೇಬ್ರ," ಎನ್ನುತ್ತ ಅವಳು ಒಳಗೆ ಬಂದಳು. "ಜ್ವರ ಬಂದಿತ್ತು. ಹೇಳಲಿಲ್ಲ. ತಪ್ಪು ನಂದು."

ಅವಳ ಹಿಂದೆ ಬಂದು ನಿಂತಿದ್ದ ತಾಯಿ ಗುಂಡವ್ವ ಅಂದಳು, "ಯಪ್ಪಾ ಸಾಹೇಬ, ಮಂತ್ರಿಗೆ ಬ್ಯಾರೇ ಮನಿ ತೋರಸು. ಆರು ವರ್ಷ ತಗಡಿನ್ಯಾಗ ಬೆಂದೇವಿ, ಇನ್ನಷ್ಟು ದಿನಕ್ಕ ಸಾಯೂದಿಲ್ಲ. ಮದಲ ಆ ಹುಡುಗನ್ನ ಎಬ್ಬಸು, ಕುಂಡಿಗಿ ಸಿಮೆಂಟ್ ಹತ್ತತೈತಿ!"

ಆಳುಗಳು ಕಿಸಕ್ಕೆಂದರು. ಸಾಹೇಬರು ಮುಖದ ಬೆವರು ಒರೆಸಿಕೊಂಡರು. ಸಿಟ್ಟಾಗಲಿಕ್ಕೂ ಅವರಲ್ಲಿ ತ್ರಾಣ ಉಳಿದಿರಲಿಲ್ಲ.

"ಜಾಕು ಇರಲಿ. ಆಕಿನೂ ಇರಲಿ. ಪರಶು, ನಾಳಿಯಿಂದ ನೀ ಮುದ್ದೇಬಿಹಾಳ ಸೈಟಿಗಿ ನಡಿ."

ಮರುದಿನ ಬೆಳಿಗ್ಗೆ ಕೋಮಲ ಬಂದಾಗ ಡ್ರಮ್ಮು ತುಂಬಿತ್ತು. ಹೊಸ್ತಿಲ ಮೇಲೆ ಪರಶು, ಪಕ್ಕದಲ್ಲಿ ಅವನ ಬ್ಯಾಗು.

"ನಿಮ್ಮ ಮ್ಯಾಲ ಚಾಡಿ ಹೇಳಿದಾಕಿ ನಾನ..."

"ಗೊತ್ತೈತಿ."

"ಸಿಟ್ಟ ಬರಲಿಲ್ಲೇನ್ರಿ?"

"ಬಂತು." ಅವನು ಅಂಗೈಯ ಸಿಮೆಂಟು ಉಜ್ಜಿದ. "ನಮ್ಮೂರು ಆಣೆಕಟ್ಟಿನ ಹಿನ್ನೀರಿನ್ಯಾಗ ಮುಳುಗಿದಾಗ ನಾ ಸಣ್ಣಾವ. ಆಮ್ಯಾಲ ಮಂದಿ ಮನಿ ಕಟ್ಟಕೋತ ಬಂದೇನಿ. ಮಲಗೂದು ಮಾತ್ರ ಶೆಡ್ಡಿನ್ಯಾಗ. ಭಾಳ ದಣದೇನಿ ಕೋಮಲ... ಅವತ್ತ ನೀವು ಈ ಮನಿ ಸಲುವಾಗಿ ಚೀರಿದ್ರಲ್ಲ, ನನ್ನ ಸಲುವಾಗಿನೂ ಯಾರರೆ ಹಂಗ ಚೀರಿದ್ರ ಅಂತ ಅನಸ್ತು."

ಕೆಳಗೆ ಬಸ್ಸಿನ ಹಾರ್ನ್ ಕೇಳಿತು. ಅವನು ಬ್ಯಾಗು ಹೆಗಲಿಗೇರಿಸಿ ದಿಬ್ಬ ಇಳಿಯತೊಡಗಿದ. ಹತ್ತು ಹೆಜ್ಜೆ... ಇಪ್ಪತ್ತು...

"ಏ... ಹೋಗಬ್ಯಾಡ್ರಿ!"

ದಿಬ್ಬವೆಲ್ಲ ತಿರುಗಿ ನೋಡುವಂಥ ಕೂಗು!

ಅವನು ನಿಂತ. ಮೆಲ್ಲಗೆ ಹಿಂದಿರುಗಿ ಬಂದ. ಕೋಮಲ ಇಟ್ಟಂಗಿ ತುಂಡು ಎತ್ತಿಕೊಂಡು ಗೋಡೆಯ ಮೇಲೆ ದೊಡ್ಡದಾಗಿ ಇಪ್ಪತ್ತು ಎಂದು ಬರೆದಳು.

"ಇಪ್ಪತ್ತಕ್ಕ ಜಾಕು ತೆಗಿಯೂದು. ನೀವ ಬರಬೇಕು."

"ಬಂದು?"

ಅವಳು ಕೆಂಪು ಧೂಳಿನ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಬಂದು... ಇಲ್ಲೇ ಇರಬೇಕು."

ದಣಿದ ಆ ಮುಖದಲ್ಲಿ ನಗೆ ಮೂಡಿದ್ದನ್ನು ಅವಳು ಮೊದಲ ಸಲ ಕಂಡಳು.

"ಬರ್ತೇನಿ ಕೋಮಲ. ಆ ತಾರೀಖು ಮಾತ್ರ ಅಳಸಬ್ಯಾಡ."